ಗೇಣಿಯಿಂದ ಗದ್ದುಗೆಗೆ

ಕಾಸರಗೋಡು ಎಂದೊಡನೆ ಕನ್ನಡಿಗನ ಮನಸ್ಸಿಗೆ ಮೊದಲು ಬರುವುದು ಕಳೆದುಕೊಂಡ ನೋವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಕಾಸರಗೋಡು ಕೇರಳಕ್ಕೆ ಹೋಯಿತು. ಆ ನೋವಿನ ಭರದಲ್ಲಿ ನಾವು ಇನ್ನೊಂದು ಸಂಗತಿಯನ್ನು ಅಷ್ಟಾಗಿ ಗಮನಿಸಲಿಲ್ಲ. ಅಂದಿನಿಂದ ಐದು ತಿಂಗಳು ಕಳೆದು ನಾಲ್ಕು ದಿನಕ್ಕೆ, ೧೯೫೭ರ ಏಪ್ರಿಲ್ ೫ರಂದು, ತಿರುವನಂತಪುರದಲ್ಲಿ ಭಾರತದ ಮೊದಲ ಕಮ್ಯುನಿಸ್ಟ್ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. ಅದರ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡ್ ಆರಿಸಿ ಬಂದಿದ್ದ ಕ್ಷೇತ್ರ ನೀಲೇಶ್ವರ. ಈ ನೀಲೇಶ್ವರ ಆ ಐದು ತಿಂಗಳ ಹಿಂದಿನವರೆಗೆ ಮಂಗಳೂರಿನ ಕಲೆಕ್ಟರರ ಕೈಕೆಳಗಿದ್ದ ಊರು. ನಾವು ಕಳೆದುಕೊಂಡೆವೆಂದು ಮರುಗುವ ನೆಲವೇ ಆ ಪಕ್ಷವನ್ನು ಗದ್ದುಗೆಗೆ ಏರಿಸಿದ ನೆಲಗಳಲ್ಲಿ ಒಂದು.

ಜಗತ್ತಿನಲ್ಲೇ ಚುನಾವಣೆಯ ಮೂಲಕ ಅಧಿಕಾರಕ್ಕೆ ಬಂದ ಮೊದಲ ಕಮ್ಯುನಿಸ್ಟ್ ಸರ್ಕಾರ ಇದೇ ಎಂದು ಹೇಳುವ ವಾಡಿಕೆಯಿದೆ. ಅದು ಪೂರ್ತಿ ಸರಿಯಲ್ಲ. ಇಟಲಿಯ ಹೊಟ್ಟೆಯೊಳಗಿರುವ ಸ್ಯಾನ್ ಮರಿನೊ ಎಂಬ ಪುಟ್ಟ ಗಣರಾಜ್ಯದಲ್ಲಿ ೧೯೪೫ರಿಂದ ೧೯೫೭ರ ವರೆಗೆ ಕಮ್ಯುನಿಸ್ಟರೂ ಸಮಾಜವಾದಿಗಳೂ ಕೂಡಿ ಆಳಿದ್ದರು. ಆದರೆ ಸ್ಯಾನ್ ಮರಿನೊ ನಮ್ಮ ಒಂದು ಹೋಬಳಿಯಷ್ಟರದು. ಕೇರಳವಾದರೋ ಕೋಟಿಗೂ ಮಿಕ್ಕಿ ಜನರಿದ್ದ ರಾಜ್ಯ. ಬೆರಗಾಗಬೇಕಾದದ್ದು ಕೇರಳದ ಬಗೆಗೇ.

ಈ ಬೆರಗಿನ ಮೂಲವನ್ನು ಹುಡುಕಹೊರಟರೆ 'ಗೇಣಿ' ಎಂಬ ಎರಡಕ್ಷರದ ಮಾತಿಗೆ ಬಂದು ನಿಲ್ಲಬೇಕಾಗುತ್ತದೆ. ಕಳ್ಳಂಬೆಳ್ಳದ ಕಡೆಯ ನನ್ನಂಥ ಬಯಲುಸೀಮೆಯವನಿಗೆ ಈ ಮಾತಿನ ಪೂರ್ಣ ಭಾರ ಬೇಗ ತಿಳಿಯುವುದಿಲ್ಲ. ಶಿರಾ, ಮಧುಗಿರಿ, ಪಾವಗಡಗಳ ರೈತನ ಹೊಲ ಚಿಕ್ಕದು, ಮಣ್ಣು ಬಡವು, ಮಳೆ ಮೋಸಗಾರ. ಆದರೂ ಹೊಲ ಬಹುಮಟ್ಟಿಗೆ ಅವನದೇ. ವಾರಕ್ಕೆ ಮಾಡುವವರು ಇಲ್ಲವೆಂದಲ್ಲ; ಆದರೆ ನಮ್ಮ ರೈತ ಹೆದರುತ್ತಿದ್ದುದು ಮೋಡವಿಲ್ಲದ ಆಕಾಶಕ್ಕೆ, ಸಾಲಗಾರನ ಪತ್ರಕ್ಕೆ. ಕರಾವಳಿಯ ಒಕ್ಕಲಿಗೆ ಮಳೆಯ ಭಯವಿಲ್ಲ, ಅದು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ. ಅವನ ಭಯ ಧಣಿಯದು. ಗದ್ದೆ ಧಣಿಯದು, ತೋಟ ಧಣಿಯದು, ಮನೆ ಕಟ್ಟಿಕೊಂಡ ಮಣ್ಣೂ ಧಣಿಯದು. ಮೂಲಗೇಣಿಯವನಾದರೆ ತಲೆತಲಾಂತರಕ್ಕೂ ಹಕ್ಕುಂಟು. ಚಾಲಗೇಣಿಯವನಾದರೆ ಧಣಿ ಒಲ್ಲೆನೆಂದ ದಿನ ಹೆಂಡತಿಮಕ್ಕಳೊಡನೆ ಬೀದಿಗೆ. ಗೇಣಿಯ ಅಕ್ಕಿಯ ಮೇಲೆ ಹಬ್ಬದ ಕಾಣಿಕೆ, ಅಳತೆಯ ಹೆಚ್ಚಳ, ಬಿಟ್ಟಿ ಚಾಕರಿ. ತೆಂಕಣ ಮಲಬಾರಿನಲ್ಲಿ ಧಣಿಗೆ 'ಜನ್ಮಿ' ಎಂದು ಹೆಸರು. ಹೆಸರು ಬೇರೆಯಾದರೂ ಹೊರೆಯಲ್ಲಿ ಭೇದವಿರಲಿಲ್ಲ.

ಕಯ್ಯೂರಿನ ಕಥೆ ಈ ಹೊರೆಯಿಂದಲೇ ಹುಟ್ಟಿದ್ದು. ತೇಜಸ್ವಿನಿ ಹೊಳೆಯ ದಡದ ಆ ಹಳ್ಳಿ ಆಗಿನ ಕಾಸರಗೋಡು ತಾಲ್ಲೂಕಿನಲ್ಲಿತ್ತು. ಅಲ್ಲಿಯ ಜನರ ಮನೆಮಾತು ಮಲೆಯಾಳ. ಅವರ ಜಿಲ್ಲೆ ಮಾತ್ರ ದಕ್ಷಿಣ ಕನ್ನಡ. ರೈತಸಂಘ ಕಟ್ಟಿಕೊಂಡ ಒಕ್ಕಲುಗಳ ಮೇಲೆ ಪೊಲೀಸರು ಕೈಮಾಡಿದ್ದರು. ೧೯೪೧ರ ಮಾರ್ಚ್ ೨೮ರಂದು ಹೊರಟ ಮೆರವಣಿಗೆಯ ಎದುರಿಗೆ ಸುಬ್ಬರಾಯನ್ ಎಂಬ ಪೇದೆ ಸಿಕ್ಕಿದ. ಜನ ಅವನ ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ದಾರಿಯಲ್ಲಿ ತಪ್ಪಿಸಿಕೊಳ್ಳಲೆಂದು ಅವನು ಹೊಳೆಗೆ ಹಾರಿ ಸತ್ತ. ಅದಕ್ಕಾಗಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞ್ಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು ೧೯೪೩ರ ಮಾರ್ಚ್ ೨೯ರಂದು ಕಣ್ಣೂರು ಜೈಲಿನಲ್ಲಿ ನೇಣಿಗೆ ಹಾಕಿದರು. ಇದೇ ಮೊಕದ್ದಮೆಯಲ್ಲಿ ಸಿಕ್ಕಿಬೀಳದೆ ತಲೆಮರೆಸಿಕೊಂಡಿದ್ದ ಇ. ಕೆ. ನಾಯನಾರ್ ೧೯೮೦ರಲ್ಲಿ ಕೇರಳದ ಮುಖ್ಯಮಂತ್ರಿಯಾದರು. ನಾಲ್ವರ ಹೆಸರುಗಳನ್ನು ಇನ್ನೊಮ್ಮೆ ನೋಡಿರಿ: ಹಿಂದುವೂ ಉಂಟು, ಮುಸಲ್ಮಾನನೂ ಉಂಟು. ಪಕ್ಷಕ್ಕೆ ಆ ಸೀಮೆಯಲ್ಲಿ ಬೇರು ಬಿಟ್ಟುಕೊಟ್ಟದ್ದು ಭಾಷಣಗಳಿಗಿಂತ ಹೆಚ್ಚಾಗಿ ಆ ನಾಲ್ಕು ಹಗ್ಗಗಳು.

ಈ ಕಥೆಯನ್ನು ಕಾದಂಬರಿಯಾಗಿ ಬರೆದವರು ನಮ್ಮ ನಿರಂಜನ. 'ಚಿರಸ್ಮರಣೆ' ೧೯೫೫ರಲ್ಲಿ ಕನ್ನಡದಲ್ಲಿ ಹೊರಬಂತು. ಮಲೆಯಾಳಕ್ಕೆ ಹೋಗಿ ಅಲ್ಲಿ ಮನೆಮಾತಾಯಿತು. ನಾವೇ ಅದನ್ನು ಓದಿದ್ದು ಕಡಮೆ. ಮೇಷ್ಟರಾದವನು ಇಷ್ಟು ಗೊಣಗಿಕೊಳ್ಳಲು ವಾಚಕರು ಅಪ್ಪಣೆ ಕೊಡಬೇಕು.

ನಂಬೂದಿರಿಪಾಡರು ಸ್ವತಃ ಧಣಿಯ ಮನೆಯ ಕೂಸು. ಏಲಂಕುಳಂ ಮನೆ ಮಲಬಾರಿನ ದೊಡ್ಡ ಜನ್ಮಿಗಳ ಮನೆತನಗಳಲ್ಲಿ ಒಂದು. ವೇದ ಕಲಿತು ಬೆಳೆದ ಹುಡುಗ ತನ್ನ ಪಾಲಿನ ಆಸ್ತಿಯನ್ನು ಮಾರಿ ಪಕ್ಷಕ್ಕೆ ಕೊಟ್ಟುಬಿಟ್ಟರು. ೧೯೩೯ರಲ್ಲಿ ಮದರಾಸು ಸರ್ಕಾರ ನೇಮಿಸಿದ ಮಲಬಾರು ಗೇಣಿ ಸಮಿತಿಯಲ್ಲಿ ಕುಳಿತು, ಉಳಿದವರೊಡನೆ ಒಪ್ಪದೆ, ತಮ್ಮ ಭಿನ್ನಾಭಿಪ್ರಾಯವನ್ನು ಬರೆದಿಟ್ಟವರು. ಹದಿನೆಂಟು ವರ್ಷಗಳ ಮೇಲೆ ಅದನ್ನು ಶಾಸನ ಮಾಡುವ ಅವಕಾಶ ಅವರ ಕೈಗೇ ಬಂತು. ೧೨೬ ಸ್ಥಾನಗಳಲ್ಲಿ ಪಕ್ಷಕ್ಕೆ ೬೦, ಪಕ್ಷದ ಬೆಂಬಲದಿಂದ ಗೆದ್ದ ಸ್ವತಂತ್ರರು ಐವರು, ಅಂತೂ ೬೫. ಹನ್ನೊಂದು ಮಂದಿಯ ಮಂತ್ರಿಮಂಡಲ. ಕಂದಾಯ ಖಾತೆ ಕೆ. ಆರ್. ಗೌರಿಯವರಿಗೆ, ವಿದ್ಯಾಭ್ಯಾಸ ಜೋಸೆಫ್ ಮುಂಡಶ್ಶೇರಿಯವರಿಗೆ, ಹಣಕಾಸು ಅಚ್ಯುತ ಮೇನೋನರಿಗೆ. ಅದೇ ಚುನಾವಣೆಯಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಹೋದವರು ಎ. ಕೆ. ಗೋಪಾಲನ್.

ಗದ್ದುಗೆ ಏರಿ ಆರು ದಿನಗಳಾಗಿದ್ದವು. ಏಪ್ರಿಲ್ ೧೧ರಂದು ಒಂದು ಸುಗ್ರೀವಾಜ್ಞೆ ಹೊರಟಿತು: ಯಾವ ಒಕ್ಕಲನ್ನೂ, ಯಾವ ಗುಡಿಸಲುವಾಸಿಯನ್ನೂ ಇನ್ನು ಎಬ್ಬಿಸಕೂಡದು. ಕೋರ್ಟಿನಲ್ಲಿದ್ದ ಒಕ್ಕಲೆಬ್ಬಿಸುವ ಮೊಕದ್ದಮೆಗಳು ಇದ್ದಲ್ಲೇ ನಿಂತವು. ನನ್ನ ಎಣಿಕೆಯಲ್ಲಿ ಆ ಸರ್ಕಾರದ ಇಪ್ಪತ್ತೆಂಟು ತಿಂಗಳುಗಳ ಅತಿ ದೊಡ್ಡ ಕಾರ್ಯ ಈ ಒಂದು ಹಾಳೆಯ ಆಜ್ಞೆಯೇ. ಅದು ಯಾರಿಗೂ ಭೂಮಿಯನ್ನು ಕೊಡಲಿಲ್ಲ. ನಾಳೆಯೂ ಇದೇ ಮನೆಯಲ್ಲಿ ಒಲೆ ಹಚ್ಚುತ್ತೇನೆಂಬ ಧೈರ್ಯವನ್ನು ಕೊಟ್ಟಿತು. ಧಣಿಯ ಮುಂದೆ ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವ ಜನಕ್ಕೆ ಆ ಧೈರ್ಯದ ಬೆಲೆ ಎಷ್ಟೆಂಬುದನ್ನು ಎಕರೆಗಳಲ್ಲಿ ಅಳೆಯಲಾಗದು.

ಭೂಸಂಬಂಧದ ಮಸೂದೆ ಅದೇ ಡಿಸೆಂಬರಿನಲ್ಲಿ ಸಭೆಯ ಮುಂದೆ ಬಂತು. ಗೇಣಿಗೆ ಮಿತಿ, ಒಕ್ಕಲಿಗೆ ಒಡೆತನ, ಐವರ ಸಂಸಾರಕ್ಕೆ ಎರಡು ಬೆಳೆಯ ಗದ್ದೆ ಹದಿನೈದು ಎಕರೆಗಿಂತ ಹೆಚ್ಚು ಇರಕೂಡದು ಎಂಬ ಕಟ್ಟು. ಇದರ ಮೇಲೆ ಗುಡುಗು ಮಿಂಚು ಏಳುವುದು ಸಹಜವೇ. ಆದರೆ ಮರ ಉರುಳಿದ್ದು ಈ ಗಾಳಿಗಲ್ಲ. ಮುಂಡಶ್ಶೇರಿಯವರು ಇದಕ್ಕಿಂತ ಮೊದಲೇ ತಂದಿದ್ದ ವಿದ್ಯಾಭ್ಯಾಸದ ಮಸೂದೆ ಬಿರುಗಾಳಿಯನ್ನೆಬ್ಬಿಸಿತು. ಕೇರಳದ ಶಾಲೆಗಳಲ್ಲಿ ಬಹುಭಾಗ ಖಾಸಗಿ ಆಡಳಿತದವು: ಕೆಲವು ಕ್ರೈಸ್ತ ಸಭೆಗಳವು, ಕೆಲವು ನಾಯರ್ ಸಂಘದವು. ಸಂಬಳದ ಹಣ ಸರ್ಕಾರದ್ದು, ನೇಮಕ ಆಡಳಿತದವರದ್ದು. ಸಹಿ ಹಾಕುವುದು ಒಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು ಎಂಬ ಪದ್ಧತಿ ಉಪಾಧ್ಯಾಯ ವೃತ್ತಿಯವರಿಗೆ ಹೊಸದಲ್ಲ, ಕೇರಳಕ್ಕೆ ಮಾತ್ರ ಸೇರಿದ್ದೂ ಅಲ್ಲ. ಮಸೂದೆ ಸಂಬಳವನ್ನು ನೇರವಾಗಿ ಉಪಾಧ್ಯಾಯನ ಕೈಗೆ ಕೊಡಿಸಿತು. ನೇಮಕಕ್ಕೆ ಸರ್ಕಾರದ ಆಯೋಗದ ಪಟ್ಟಿಯನ್ನು ಕಡ್ಡಾಯ ಮಾಡಿತು. ಮೊದಲನೆಯದನ್ನು ಎಲ್ಲರೂ ಒಪ್ಪಬಹುದಿತ್ತು. ಎರಡನೆಯದನ್ನು ಚರ್ಚು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ೧೯೫೮ರ ಮೇ ತಿಂಗಳಲ್ಲಿ ಕೊಟ್ಟ ಅಭಿಪ್ರಾಯದ ಮೇಲೆ ಮಸೂದೆ ತಿದ್ದುಪಡಿಯಾದ ಬಳಿಕವೂ ಒಪ್ಪಲಿಲ್ಲ.

ಪಕ್ಷದ ಕೈತಪ್ಪುಗಳೂ ಕೂಡಿಕೊಂಡವು. ಆಂಧ್ರದಿಂದ ಅಕ್ಕಿ ಕೊಂಡದ್ದರಲ್ಲಿ ಹಗರಣವಾಯಿತೆಂದು ವಿಚಾರಣಾ ಆಯೋಗ ಕೂರಿಸಬೇಕಾಯಿತು. ಕುಟ್ಟನಾಡಿನ ದೋಣಿಗಳಲ್ಲಿ ವಿದ್ಯಾರ್ಥಿಗಳಿಗೆ ಒಂದಾಣೆಯಿದ್ದ ದರವನ್ನು ಹತ್ತು ನಯಾಪೈಸೆಗೆ ಏರಿಸಹೋಗಿ ೧೯೫೮ರಲ್ಲಿ 'ಒಂದಾಣೆ ಚಳವಳಿ'ಯನ್ನು ತಲೆಯ ಮೇಲೆ ಎಳೆದುಕೊಂಡಿತು. ನಾಲ್ಕು ನಯಾಪೈಸೆಯ ಆಸೆಗೆ ಹುಡುಗರ ಒಂದು ಪೀಳಿಗೆಯನ್ನೇ ಎದುರು ಹಾಕಿಕೊಂಡ ಸರ್ಕಾರವನ್ನು ಜಾಣ ಸರ್ಕಾರವೆನ್ನುವುದು ಹೇಗೆ? ಅದೇ ಜುಲೈ ೨೬ರಂದು ಕೊಲ್ಲಂ ಬಳಿಯ ಚಂದನತ್ತೋಪಿನಲ್ಲಿ, ಮುಷ್ಕರ ಹೂಡಿದ ಗೋಡಂಬಿ ಕೆಲಸಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಇಬ್ಬರು ಸತ್ತರು. ಕೂಲಿಗಾರರ ಸರ್ಕಾರ ಕೂಲಿಗಾರರಿಗೇ ಗುಂಡಿಟ್ಟಿತೆಂಬ ಮಾತಿಗೆ ಪಕ್ಷದ ಬಳಿ ಸಮಾಧಾನದ ಉತ್ತರವಿರಲಿಲ್ಲ. ಹಳ್ಳಿಗಳಲ್ಲಿ ಪಕ್ಷದ ಘಟಕದವರೇ ಅಮಲ್ದಾರರಂತೆ ನಡೆದುಕೊಳ್ಳುತ್ತಾರೆಂಬ ದೂರೂ ಬರಿಯ ವೈರಿಗಳ ಕಟ್ಟುಕಥೆಯಾಗಿರಲಾರದು. ಅಧಿಕಾರವನ್ನು ಹೊಸದಾಗಿ ಕಂಡವರ ನಡೆ ಹಾಗೆಯೇ ಇರುತ್ತದೆ.

ಭೂಮಸೂದೆ ಸಭೆಯಲ್ಲಿ ಅಂಗೀಕಾರವಾದದ್ದು ೧೯೫೯ರ ಜೂನ್ ೧೦ರಂದು. ಎರಡೇ ದಿನಕ್ಕೆ, ಜೂನ್ ೧೨ರಂದು, 'ವಿಮೋಚನಾ ಸಮರ' ಆರಂಭವಾಯಿತು. ನಾಯರ್ ಸಂಘದ ಮನ್ನತ್ತ್ ಪದ್ಮನಾಭನ್, ಕ್ಯಾಥೊಲಿಕ್ ಪಾದ್ರಿಗಳು, ಮುಸ್ಲಿಂ ಲೀಗು, ಕಾಂಗ್ರೆಸ್ಸು, ಪ್ರಜಾ ಸಮಾಜವಾದಿಗಳು ಎಲ್ಲರೂ ಒಂದೇ ದೋಣಿಯಲ್ಲಿ. ಮರುದಿನವೇ ಅಂಗಮಾಲಿಯಲ್ಲಿ ಗುಂಡಿಗೆ ಏಳು ಮಂದಿ ಬಲಿಯಾದರು. ಶಾಲೆಗಳು ಮುಚ್ಚಿದವು, ಜೈಲುಗಳು ತುಂಬಿದವು. ಇಂದಿರಾ ಗಾಂಧಿಯವರು ಆ ವರ್ಷವಷ್ಟೇ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ನೆಹರೂ ಅವರು ಬಂದು ನೋಡಿದರು, ಹಿಂದುಮುಂದು ನೋಡಿದರು, ಕೊನೆಗೆ ಒಪ್ಪಿದರು. ರಾಜ್ಯಪಾಲರಾಗಿದ್ದ ಬೂರ್ಗುಲ ರಾಮಕೃಷ್ಣ ರಾಯರು, ನಮ್ಮ ಕಲಬುರ್ಗಿ, ರಾಯಚೂರು, ಬೀದರುಗಳು ಹೈದರಾಬಾದಿಗೆ ಸೇರಿದ್ದಾಗ ಅಲ್ಲಿಯ ಮುಖ್ಯಮಂತ್ರಿಗಳಾಗಿದ್ದವರು, ವರದಿ ಕಳಿಸಿದರು. ಜುಲೈ ೩೧ರಂದು ೩೫೬ನೆಯ ವಿಧಿಯಂತೆ ಮಂತ್ರಿಮಂಡಲ ವಜಾ ಆಯಿತು. ಸಭೆಯಲ್ಲಿ ಅದರ ಬಹುಮತ ಅಂದಿಗೂ ಕುಂದಿರಲಿಲ್ಲ.

ಮುಂದೆ ಇದೇ ವಿಧಿ ಯಾರ ಯಾರ ಕುತ್ತಿಗೆಗೆ ಬಂತೆಂಬುದು ವಾಚಕರಿಗೆ ತಿಳಿದಿದೆ. ೧೯೮೯ರಲ್ಲಿ ಕರ್ನಾಟಕದಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ಹೀಗೆಯೇ ಕಳೆದಾಗ ಅವರು ಕೋರ್ಟಿಗೆ ಹೋದರು. ಬಹುಮತದ ಪರೀಕ್ಷೆ ಸಭೆಯೊಳಗೇ ಆಗಬೇಕೆಂಬ ೧೯೯೪ರ ತೀರ್ಪು ಅವರ ಹೆಸರಿನಲ್ಲಿದೆ. ಮೂವತ್ತೈದು ವರ್ಷ ಮೊದಲೇ ಆ ತೀರ್ಪು ಬಂದಿದ್ದರೆ ನಂಬೂದಿರಿಪಾಡರು ಸದನಕ್ಕೆ ಹೋಗಿ ಕೈ ಎಣಿಸಿ ತೋರಿಸುತ್ತಿದ್ದರು.

೧೯೬೦ರ ಚುನಾವಣೆಯಲ್ಲಿ ಎದುರಾಳಿಗಳ ಕೂಟಕ್ಕೆ ೯೪ ಸ್ಥಾನ, ಕಮ್ಯುನಿಸ್ಟರಿಗೆ ೨೯. ಸೋತರೆಂದು ಎಲ್ಲರೂ ಬರೆದರು. ಆದರೆ ಮತಗಳನ್ನು ಎಣಿಸಿದವರಿಗೆ ಬೇರೆಯೇ ಕಂಡಿತು. ೧೯೫೭ರಲ್ಲಿ ಇಪ್ಪತ್ತು ಲಕ್ಷ ಚಿಲ್ಲರೆ ಮತಗಳು ಬಂದಿದ್ದ ಪಕ್ಷಕ್ಕೆ ಈಗ ಮೂವತ್ತೊಂದು ಲಕ್ಷಕ್ಕೂ ಮಿಕ್ಕು; ನೂರಕ್ಕೆ ಮೂವತ್ತೈದು ಇದ್ದದ್ದು ಮೂವತ್ತೊಂಬತ್ತಾಗಿತ್ತು. ಶಾಲೆಯ ಜಗಳದಲ್ಲಿ ಮಧ್ಯಮವರ್ಗ ಕೈಬಿಟ್ಟಿತು, ಗದ್ದೆಯವನು ಬಿಡಲಿಲ್ಲ. ಆ ಪಕ್ಷದ ಉದಯಕ್ಕೂ ಪತನಕ್ಕೂ ಭೂಮಿಯೇ ಕಾರಣವೆಂದು ಸಲೀಸಾಗಿ ಬರೆಯುವವರು ಈ ಅಂಕಿಗಳನ್ನು ನೋಡಬೇಕು.

ಇನ್ನು ಆ ಭೂಮಸೂದೆಯ ಗತಿ. ರಾಷ್ಟ್ರಪತಿಗಳು ಅದನ್ನು ತಿದ್ದಿ ತರಲು ಹಿಂದಕ್ಕೆ ಕಳಿಸಿದರು. ಹೊಸ ಸರ್ಕಾರ ತಿದ್ದಿತು. ೧೯೬೧ರಲ್ಲಿ ಅಂಕಿತ ಬಿತ್ತು. ಬಿದ್ದ ವರ್ಷವೇ ಅದಕ್ಕೆ ಪೆಟ್ಟೂ ಬಿತ್ತು. ಎಲ್ಲಿಂದ? ಇಲ್ಲಿ ಕಥೆ ಮತ್ತೆ ನಮ್ಮ ಹಳೆಯ ಜಿಲ್ಲೆಗೆ ಹೊರಳುತ್ತದೆ. ಕಾಸರಗೋಡು, ಹೊಸದುರ್ಗ ತಾಲ್ಲೂಕುಗಳ ಜಮೀನಿನ ಒಡೆಯರು ಸುಪ್ರೀಂ ಕೋರ್ಟಿಗೆ ಹೋದರು. (ಈ ಹೊಸದುರ್ಗ ಚಿತ್ರದುರ್ಗದ ಹೊಸದುರ್ಗವಲ್ಲ, ಕಾಸರಗೋಡನ್ನು ಒಡೆದು ಮಾಡಿದ ತಾಲ್ಲೂಕು.) ತಮ್ಮದು ಮದರಾಸಿನಿಂದ ಬಂದ ರೈತವಾರಿ ಭೂಮಿ, ಸಂವಿಧಾನ ಭೂಶಾಸನಗಳಿಗೆ ಕೊಟ್ಟ ವಿಶೇಷ ರಕ್ಷಣೆ 'ಎಸ್ಟೇಟು'ಗಳಿಗೆ ಮಾತ್ರ, ರೈತವಾರಿ ಎಸ್ಟೇಟಲ್ಲ ಎಂಬುದು ಅವರ ವಾದ. ಇನ್ನೊಂದು ವಾದ ಅಡಕೆಯದು. ಚಹ, ಕಾಫಿ, ರಬ್ಬರು ತೋಟಗಳಿಗೆ ಶಾಸನ ವಿನಾಯಿತಿ ಕೊಟ್ಟಿತ್ತು. ಅಡಕೆ, ಮೆಣಸಿನ ತೋಟಗಳಿಗೆ ಇಲ್ಲ. ಬಿಳಿಯರ ಕಂಪೆನಿ ಬೆಟ್ಟದಲ್ಲಿ ನೆಟ್ಟದ್ದು ತೋಟ, ನಮ್ಮಜ್ಜ ಕಣಿವೆಯಲ್ಲಿ ನೆಟ್ಟದ್ದು ತೋಟವಲ್ಲವೆ ಎಂದು ಅಡಕೆಯವನು ಕೇಳಿದರೆ ತುಮಕೂರು ಜಿಲ್ಲೆಯವರಾದ ನಮಗೆ ಆ ಸಂಕಟ ಅರ್ಥವಾಗದೆ ಹೋಗದು. ೧೯೬೧ರ ಡಿಸೆಂಬರ್ ೫ರಂದು ಕೋರ್ಟು ಎರಡು ವಾದಗಳನ್ನೂ ಎತ್ತಿಹಿಡಿಯಿತು. ಮದರಾಸಿನಿಂದ ಬಂದ ರೈತವಾರಿ ಭೂಮಿಗೆ ಶಾಸನ ಅನ್ವಯಿಸದೆಂದು ಹೊಡೆದುಹಾಕಿತು. ಆ ಬಿರುಕನ್ನು ಮುಚ್ಚಲು ಭಾರತದ ಸಂವಿಧಾನವನ್ನೇ ತಿದ್ದಬೇಕಾಯಿತು: ೧೯೬೪ರ ಹದಿನೇಳನೆಯ ತಿದ್ದುಪಡಿ ರೈತವಾರಿ ಭೂಮಿಯನ್ನೂ 'ಎಸ್ಟೇಟಿ'ನ ಅರ್ಥದೊಳಕ್ಕೆ ತಂದಿತು. ಕಾಸರಗೋಡಿನ ಅಡಕೆ ತೋಟದ ಬೇಲಿ ದೆಹಲಿಯ ಸಂಸತ್ತಿನವರೆಗೆ ಚಾಚಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಪಕ್ಷ ಆ ವರ್ಷವೇ ಎರಡಾಗಿ ಸೀಳಿತು. ೧೯೬೭ರಲ್ಲಿ ನಂಬೂದಿರಿಪಾಡರು ಏಳು ಪಕ್ಷಗಳ ಕೂಟ ಕಟ್ಟಿ ಮತ್ತೆ ಮುಖ್ಯಮಂತ್ರಿಗಳಾದರು. ಈ ಬಾರಿ ಜೊತೆಗೆ ಮುಸ್ಲಿಂ ಲೀಗೂ ಉಂಟು! ೧೯೬೯ರಲ್ಲಿ ಅದೂ ಮುರಿದು ಅಚ್ಯುತ ಮೇನೋನರು ಬಂದರು. ಗೇಣಿ ಪದ್ಧತಿ ಕೇರಳದಲ್ಲಿ ಕಾನೂನಿನಂತೆ ಸತ್ತದ್ದು ೧೯೭೦ರ ಜನವರಿ ೧ರಂದು. ಆಗ ಶಾಸನ ಮಾಡಿದ ಕಮ್ಯುನಿಸ್ಟರು ಒಂದು ಕಡೆ, ಜಾರಿಗೆ ತಂದ ಕಮ್ಯುನಿಸ್ಟರು ಇನ್ನೊಂದು ಕಡೆ. ಯಾರ ಕೀರ್ತಿ ಎಂಬ ವ್ಯಾಜ್ಯ ಎರಡು ಮನೆಗಳ ನಡುವೆ ಇಂದಿಗೂ ತೀರಿಲ್ಲ.

ಒಕ್ಕಲು ಒಡೆಯನಾದ. ಆದರೆ ಒಕ್ಕಲಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನು? ಅವನಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತಣ ಹತ್ತು ಸೆಂಟ್ಸ್ ನೆಲ. ಗೇಣಿಯ ಕಾಗದ ಅವನ ಹೆಸರಿನಲ್ಲಿ ಎಂದೂ ಇರಲಿಲ್ಲವಾಗಿ ಒಡೆತನವೂ ಬರಲಿಲ್ಲ. ಅಂಥವರಲ್ಲಿ ಬಹುಮಂದಿ ದಲಿತರು. ಇನ್ನೊಂದು ತುದಿಯಲ್ಲಿ, ನಾಲ್ಕೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಕಾಲ ಕಳೆಯುತ್ತಿದ್ದ ವಿಧವೆಯೂ ಬಡ ಅರ್ಚಕನೂ ದೊಡ್ಡ ಧಣಿಗಳ ಸಾಲಿನಲ್ಲೇ ನಿಲ್ಲಬೇಕಾಯಿತು. ಇದನ್ನು ಹೇಳಿದ ಮಾತ್ರಕ್ಕೆ ಶಾಸನ ತಪ್ಪೆಂದು ನಾನು ಹೇಳಿದಂತಲ್ಲ. ಒಕ್ಕಲೆದ್ದ ಮನೆಗಳ ಲೆಕ್ಕ ಅದಕ್ಕಿಂತ ನೂರು ಪಾಲು ದೊಡ್ಡದು.

ಭೂಮಿ ಸಿಕ್ಕಿದ ಮೇಲೆ ಪಕ್ಷ ಏನು ಹೇಳಬೇಕು? ಕಮ್ಯುನಿಸ್ಟರು ಆಳಿದ ಎಡೆಗಳಲ್ಲೆಲ್ಲ ಈ ತೊಡಕು ಎದ್ದಿದೆ. ಬಂಗಾಳದಲ್ಲಿ ೧೯೭೭ರಿಂದ ಮೂವತ್ತನಾಲ್ಕು ವರ್ಷ ಆಳಿದವರು ಪಾಲುಗಾರ ರೈತರ ಹೆಸರುಗಳನ್ನು ದಫ್ತರಿಗೆ ಹತ್ತಿಸಿ ಬೆಳೆದರು. ಕಾರ್ಖಾನೆಗಾಗಿ ಅದೇ ರೈತರ ನೆಲವನ್ನು ಕೇಳಹೋಗಿ, ೨೦೦೭ರ ಮಾರ್ಚ್ ೧೪ರಂದು ನಂದಿಗ್ರಾಮದಲ್ಲಿ ಹದಿನಾಲ್ಕು ಮಂದಿ ಸತ್ತ ಮೇಲೆ, ೨೦೧೧ರಲ್ಲಿ ಬಿದ್ದರು. ನಮ್ಮಲ್ಲಿ ಆ ಪಕ್ಷ ಗದ್ದುಗೆಯ ಹತ್ತಿರಕ್ಕೂ ಬರಲಿಲ್ಲ. ಕಾರಣ ಬಹುಮಟ್ಟಿಗೆ ದೇವರಾಜ ಅರಸರು. ೧೯೭೪ರ ಮಾರ್ಚ್ ೧ರಿಂದ ಅವರ ಭೂಸುಧಾರಣೆ ಜಾರಿಗೆ ಬಂದು, ಕೆಂಬಾವುಟದವರು ಕೇಳುತ್ತಿದ್ದುದನ್ನು ಕಾಂಗ್ರೆಸ್ಸೇ ಕೊಟ್ಟುಬಿಟ್ಟಿತು. ಕಾಸರಗೋಡಿನ ಬೇವಿಂಜೆಯಲ್ಲಿ ಹುಟ್ಟಿದ ಬಿ. ವಿ. ಕಕ್ಕಿಲ್ಲಾಯರು ೧೯೭೨ರಿಂದ ೧೯೮೩ರ ವರೆಗೆ ನಮ್ಮ ವಿಧಾನಸಭೆಯಲ್ಲಿ ಕುಳಿತು ಅದಕ್ಕೆ ದುಡಿದರು. ಫಲ ಇತರರ ಪಾಲಾಯಿತು. ನಮ್ಮ ಕಡೆಗೆ ಹತ್ತಿರದ್ದೆಂದರೆ ಬಾಗೇಪಲ್ಲಿ. ಅಲ್ಲಿ ೧೯೮೩ರಲ್ಲಿ ಅಪ್ಪಸ್ವಾಮಿ ರೆಡ್ಡಿ, ೧೯೯೪ ಮತ್ತು ೨೦೦೪ರಲ್ಲಿ ಶ್ರೀರಾಮರೆಡ್ಡಿ ಕೆಂಬಾವುಟ ಹಿಡಿದು ಗೆದ್ದರು. ಆ ಗಾಳಿ ಮಧುಗಿರಿಯ ಬೆಟ್ಟ ದಾಟಿ ಈಚೆ ಬೀಸಲಿಲ್ಲ.

ಕಡೆಗೆ ಕಾಸರಗೋಡಿನ ಕನ್ನಡಿಗನ ಮಾತು. ಅವನ ಸ್ಥಿತಿ ಉಳಿದವರಂತಲ್ಲ. ಐಕ್ಯ ಕೇರಳವನ್ನು ಗಟ್ಟಿಯಾಗಿ ಕೇಳಿದ ಪಕ್ಷ ಇದೇ. ೧೯೬೭ರಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ ಬರೆದಾಗ ಒಲ್ಲೆನೆಂದದ್ದೂ ಇದೇ ಪಕ್ಷದ ಸರ್ಕಾರ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕೆಲ್ಲ ಯಾವುದಕ್ಕಾಗಿ ಹೋರಾಡಿದರೋ ಅದಕ್ಕೆ ಅಡ್ಡ ನಿಂತವರು ಇವರು. ಹಾಗೆಂದು ಕನ್ನಡದ ಒಕ್ಕಲು ಇವರನ್ನು ಹಗೆಯೆಂದು ಬಗೆಯುವಂತಿರಲಿಲ್ಲ. ಅವನನ್ನು ಒಕ್ಕಲೆಬ್ಬಿಸುತ್ತಿದ್ದ ಧಣಿಯೂ ಕನ್ನಡದವನೇ. ಒಂದೇ ಮನೆಯ ಹಗೇವಿನಲ್ಲಿ ಪಕ್ಷ ಉಳಿಸಿಕೊಟ್ಟ ಭತ್ತ, ಅದೇ ಮನೆಯ ಮಗನ ಕೈಯಲ್ಲಿ ಅವನಿಗೆ ಓದಲು ಬಾರದ ಮಲೆಯಾಳದ ಸರ್ಕಾರಿ ಕಾಗದ. ೧೯೬೯ರ ಭಾಷಾ ಶಾಸನ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು ಕೊಟ್ಟಿತು. ಹಕ್ಕು ಪುಸ್ತಕದಲ್ಲಿದ್ದಷ್ಟು ಕಚೇರಿಯ ಮೇಜಿನ ಮೇಲೆ ಇರಲಿಲ್ಲ.

ಮಂಜೇಶ್ವರದ ಮತಪೆಟ್ಟಿಗೆ ಈ ಇಬ್ಬಂದಿಯನ್ನು ಬಲ್ಲದು. ೧೯೫೭ರಲ್ಲಿ ಅಲ್ಲಿಂದ ಎಂ. ಉಮೇಶ ರಾಯರು ಸ್ವತಂತ್ರರಾಗಿ ಅವಿರೋಧವಾಗಿ ಬಂದರು. ೧೯೬೦ರಲ್ಲಿ, ಮತ್ತೆ ೧೯೬೭ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಅಲ್ಲಿಯವರೆಗೆ ಮತ ಭಾಷೆಗೆ. ಗೇಣಿ ಸತ್ತ ೧೯೭೦ರಲ್ಲಿ ಮೊದಲ ಬಾರಿಗೆ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರು ಗೆದ್ದರು. ಅದೇ ಪಕ್ಷದ ಡಾ. ಎ. ಸುಬ್ಬರಾಯರು ೧೯೮೦ರಲ್ಲಿ ಗೆದ್ದು ನಾಯನಾರ್ ಮಂತ್ರಿಮಂಡಲದಲ್ಲಿ ನೀರಾವರಿ ಮಂತ್ರಿಗಳಾದರು; ಆ ವರ್ಷವೇ ರಾಮಣ್ಣ ರೈಗಳು ಕಾಸರಗೋಡಿನಿಂದ ಲೋಕಸಭೆಗೆ ಹೋದರು. ೧೯೮೭ರಲ್ಲಿ ಮಂಜೇಶ್ವರ ಮುಸ್ಲಿಂ ಲೀಗಿನ ಪಾಲಾಯಿತು. ನಡುವೆ ೨೦೦೬ರಲ್ಲಿ ಒಮ್ಮೆ ಮಾರ್ಕ್ಸ್‌ವಾದಿಗಳು ಅದನ್ನು ಮರಳಿ ಹಿಡಿದರು. ೨೦೧೬ರಲ್ಲಿ ಎಡರಂಗ ಇಡೀ ಕೇರಳವನ್ನು ಗೆದ್ದುಕೊಂಡಿತು. ಮಂಜೇಶ್ವರದಲ್ಲಿ ಲೀಗು ಭಾರತೀಯ ಜನತಾ ಪಕ್ಷವನ್ನು ೮೯ ಮತಗಳಿಂದ ಸೋಲಿಸಿತು. ಕಮ್ಯುನಿಸ್ಟರು ಅಲ್ಲಿ ಮೂರನೆಯವರು. ಮರುವರ್ಷ ಶಾಲೆಗಳಲ್ಲಿ ಮಲೆಯಾಳ ಕಡ್ಡಾಯವೆಂಬ ಶಾಸನ ತಿರುವನಂತಪುರದಿಂದ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು.